ವಾಪಸಿಗೆ ಕಾರಣ

ಮಾರ್ಚ್ 3, ಸೋಮವಾರ

ಬೆಳಗ್ಗೆ ಹನ್ನೊಂದು ಮಹಡಿಯ ಕಟ್ಟಡ. ಒಂದೇ ಲಿಫ್ಟ್. ಬ್ರೇಕ್ ಸರಿ, ಹಗ್ಗ ಸರಿ, ಬಾಗಿಲಿನ ಸೆನ್ಸರ್ ಸರಿ. ಇಪ್ಪತ್ತು ಕೆಜಿಯ ಕಬ್ಬಿಣದ ತೂಕಗಳನ್ನು ಒಂದೊಂದಾಗಿ ಒಳಗಿಡುತ್ತ ಹೋದೆವು. ಮಿತಿ ದಾಟಿತು. ಬಜರ್ ಹೊಡೆಯಲಿಲ್ಲ. ಬಾಗಿಲು ಮುಚ್ಚಿಕೊಂಡು, ಮೂವತ್ತು ತುಂಡು ಕಬ್ಬಿಣ ಹೊತ್ತು, ಲಿಫ್ಟು ಹೊರಟೇಬಿಟ್ಟಿತು.

ಮೆಕ್ಯಾನಿಕ್ ಪ್ಯಾನೆಲ್ ಬಿಚ್ಚಿದ. ಓವರ್‌ಲೋಡ್ ವೈರನ್ನು ಯಾರೋ ಕಿತ್ತಿದ್ದಾರೆ. ತುದಿಗೆ ಅಚ್ಚುಕಟ್ಟಾಗಿ ಟೇಪು ಸುತ್ತಿದ್ದಾರೆ.

ಕಟ್ಟಡದ ಸೆಕ್ರೆಟರಿಗೆ ಮುಚ್ಚುಮರೆ ಏನಿಲ್ಲ. "ಅದು ಮಾತೆತ್ತಿದ್ರೆ ಕಿರುಚ್ತಿತ್ತು ಸಾರ್. ಜನಕ್ಕೆ ಕಿರಿಕಿರಿ. ಸದ್ದು ನಿಂತ ಮೇಲೆ ಒಂದೂ ತೊಂದರೆ ಇಲ್ಲ."

ಲಿಫ್ಟಿಗೆ ಬೀಗ ಹಾಕಿಸಿದೆ. ಮೇಲಿನ ಮೆಶಿನ್ ರೂಮಿಗೆ ಹೋಗಿ ಲಾಗ್‌ಬುಕ್ಕಿನಲ್ಲಿ ಬರೆದೆ. ನಮ್ಮ ಕೆಲಸದ ಪದ್ಧತಿ ಅದು — ದೋಷವನ್ನು ಕಂಡವನೇ, ತನ್ನ ಕೈಯಲ್ಲೇ, ಅಲ್ಲೇ ನಿಂತು ಬರೆಯಬೇಕು. ಮುಂದೆ ಬರುವವನು ಮೊದಲು ಅದನ್ನು ಓದಬೇಕು. ನನ್ನ ಹಿಂದಿನ ಇನ್‌ಸ್ಪೆಕ್ಟರ್ ಮೂರು ಸಲ "ಎಲ್ಲ ಸರಿ" ಎಂದು ಬರೆದು ಹೋಗಿದ್ದಾನೆ. ಅಕ್ಷರ ಮುದ್ದಾಗಿದೆ.

"ಒಂಬತ್ತನೇ ಮಹಡಿ ಅಜ್ಜಿ ಇನ್ಮೇಲೆ ನಿಮ್ಮನ್ನ ನೆನಸ್ಕೊಂಡೇ ಮೆಟ್ಟಿಲು ಹತ್ತಬೇಕು," ಎಂದ ಸೆಕ್ರೆಟರಿ.

ನೆನೆಯಲಿ.

ಸಂಜೆ ಮನೆಗೆ ಬಂದರೆ ಊಟದ ಮೇಜಿನ ಮೇಲೆ ನಾಯಿಯೊಂದರ ಫೋಟೊ. ಶನಿವಾರ ಇವಳು ಮಕ್ಕಳನ್ನು ಕರೆದುಕೊಂಡು ಊರಾಚೆಯ ಪ್ರಾಣಿ ಆಶ್ರಯಕ್ಕೆ ಹೋಗಿದ್ದಳಂತೆ. ಸುಮ್ಮನೆ ನೋಡಲು. ಸುಮ್ಮನೆ ನೋಡಲು ಹೋದವರು ಫೋಟೊ ತಂದಿದ್ದಾರೆ.

ಮಾರ್ಚ್ 5, ಬುಧವಾರ

ನನಗೆ ನಾಯಿ ಬೇಕೆಂದಾಗಲೀ ಬೇಡವೆಂದಾಗಲೀ ಅನ್ನಿಸಿಲ್ಲ. ಹಾಗೆಂದರೆ ಇವಳಿಗೆ ಸಿಟ್ಟು.

"ಏನಾದ್ರೂ ಒಂದು ಹೇಳ್ರೀ. ಬೇಡ ಅಂದ್ರೂ ಪರವಾಗಿಲ್ಲ, ಜಗಳನಾದ್ರೂ ಆಡಬಹುದು."

ಮಕ್ಕಳು ಮಾತು ಕೊಟ್ಟಿದ್ದಾರೆ. ದೊಡ್ಡವಳು ಎರಡನೇ ಕ್ಲಾಸು. ಅದಕ್ಕೆ ಊಟ ಹಾಕುತ್ತಾಳಂತೆ, ಬ್ರಶ್ ಮಾಡುತ್ತಾಳಂತೆ. ಚಿಕ್ಕವನಿಗೆ ನಾಲ್ಕು ವರ್ಷ. ಅವನು ಅದಕ್ಕೆ ಓದಲು ಕಲಿಸುತ್ತಾನೆ.

"ನಿನಗೇ ಓದಕ್ಕೆ ಬರಲ್ಲ," ಎಂದಳು ಅಕ್ಕ.

"ಇಬ್ಬರೂ ಒಟ್ಟಿಗೆ ಕಲಿತೀವಿ."

ಗಲಾಟೆ ಜಾಸ್ತಿಯಾಯಿತು. ಶ್, ಅಂದೆ. ನಿಂತಿತು. ಏಳೂವರೆಯ ಮೇಲೆ ರಿಪೋರ್ಟು ಬರೆಯುವ ಹೊತ್ತು, ಮನೆಯಲ್ಲಿ ಸದ್ದು ಇರಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಈ ಒಂದು ವಿಷಯದಲ್ಲಿ ಮಕ್ಕಳು ಬಹಳ ಒಳ್ಳೆಯವರು.

ಮಾರ್ಚ್ 8, ಶನಿವಾರ

ಹೋಗಿ ಬಂದೆವು. ತಂದೆವು.

ಆಶ್ರಯ ನೋಡಿಕೊಳ್ಳುವಾಕೆ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡಿರುತ್ತಾಳೆ. ಚಿಕ್ಕವನು ಅವಳಿಗೆ ಬೂಟು ಮೇಡಂ ಎಂದು ಹೆಸರಿಟ್ಟಾಗಿದೆ. ಮುಖಕ್ಕೇ ಹೇಳಿದ. ಅವಳು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. "ಸರಿ" ಎಂದಳು.

ನಾಯಿ ಯಾವ ಜಾತಿ ಎಂದು ಕೇಳಿದೆ. "ಕಾಲು ನೋಡಿದ್ರೆ ಬೇಟೆ ನಾಯಿ. ಮುಖ ನೋಡಿದ್ರೆ ಕಾವಲು ನಾಯಿ. ಬಾಲ ಯಾರದೋ." ಕಂದು ಮೈ, ಎದೆಯ ಮೇಲೆ ಬಿಳಿ. ಒಂದು ಕಿವಿ ಪೂರ್ತಿ ನಿಲ್ಲುತ್ತದೆ, ಇನ್ನೊಂದು ಅರ್ಧಕ್ಕೆ ಮಡಚಿಕೊಂಡಿರುತ್ತದೆ. ದೊಡ್ಡವಳು ಎರಡೂ ಕಿವಿ ಕೂಡಿಸಿ ಲೆಕ್ಕ ಮಾಡಿದಳು. ಒಂದೂವರೆ. ಅದೇ ಹೆಸರಾಯಿತು. ಚಿಕ್ಕವನ ಬಾಯಲ್ಲಿ ಬರೀ "ವರೆ."

ಫೈಲು ಓದಿದೆ. ವಯಸ್ಸು ಸುಮಾರು ಮೂರು. ಚುಚ್ಚುಮದ್ದು ಎಲ್ಲ ಆಗಿದೆ. ಎರಡು ಮನೆಗಳಿಗೆ ಹೋಗಿ ಎರಡು ಸಲ ವಾಪಸು ಬಂದಿದೆ. "ವಾಪಸಿಗೆ ಕಾರಣ" ಎನ್ನುವ ಕಾಲಂನಲ್ಲಿ ಎರಡು ಸಲವೂ ಒಂದೇ ಮಾತು. ವೈಯಕ್ತಿಕ.

"ವೈಯಕ್ತಿಕ ಅಂದ್ರೆ?"

"ಅಂದ್ರೆ ಹೇಳಲ್ಲ ಅಂತ," ಎಂದಳು ಬೂಟು ಮೇಡಂ. "ಬರೆಯಕ್ಕೆ ನಾಚಿಕೆ. ಇಲ್ಲಾ ಅರ್ಜೆಂಟು."

ಆರು ವಾರ ನಮ್ಮಲ್ಲಿರುತ್ತದೆ. ಏಪ್ರಿಲ್ ಹತ್ತೊಂಬತ್ತಕ್ಕೆ ಒಂದೋ ಸಹಿ, ಇಲ್ಲವೇ ವಾಪಸು. ಮೂರನೇ ಸಲ ವಾಪಸು ಬಂದ ನಾಯಿಯನ್ನು ಸಾಮಾನ್ಯವಾಗಿ ಮನೆಗಳಿಗೆ ಕೊಡುವುದಿಲ್ಲ. ಅಲ್ಲೇ ಇರುತ್ತದೆ. ಕೊನೆಯವರೆಗೆ. ಮಕ್ಕಳಿಗೆ ಕೇಳದಂತೆ, ದನಿ ತಗ್ಗಿಸಿ ಹೇಳಿದಳು.

ದಿನಕ್ಕೊಂದು ಹಾಳೆ ತುಂಬಬೇಕು. ತಿಂದಿತೆ, ಮಲಗಿತೆ, ಹೆದರಿತೆ, ಗುರುಗುಟ್ಟಿತೆ. ಹೌದು, ಇಲ್ಲ. ಇಂಥ ಹಾಳೆಗಳ ಮಧ್ಯೆಯೇ ಬದುಕಿದವನು ನಾನು. ನಿರಾಳವೆನ್ನಿಸಿತು.

"ಗುರ್ ಅಂದ್ರೆ ನನಗೆ ಫೋನ್ ಮಾಡಿ," ಎಂದಳು ಕಾರಿನ ಕಿಟಕಿಗೆ ಬಗ್ಗಿ. "ಯಾವಾಗಾದ್ರೂ ಸರಿ."

ಮಾರ್ಚ್ 9, ಭಾನುವಾರ. ಬೆಳಗ್ಗೆ 6.10

ಹಜಾರದ ಮೂಲೆಯಲ್ಲಿ ಹಳೆ ಕಂಬಳಿ ಹಾಸಿದ್ದೆವು. ಅದರ ಮೇಲೆ ಮಲಗಿಲ್ಲ. ನನ್ನ ಶೂಗಳ ಪಕ್ಕದಲ್ಲಿ, ಬರೀ ನೆಲದ ಮೇಲೆ ಮಲಗಿದೆ. ನಾನು ಎದ್ದು ಬಂದಾಗ ತಲೆ ಎತ್ತಿತು. ಬಾಲ ಆಡಿಸಲಿಲ್ಲ. ಇಬ್ಬರೂ ಹೊರಗೆ ಹೋಗಿ ಎರಡು ಬೀದಿ ಸುತ್ತಿ ಬಂದೆವು.

ಹಿತವಾಗಿತ್ತು. ಅಷ್ಟೇ ಬರೆಯಬಲ್ಲೆ.

ಮಾರ್ಚ್ 11, ಮಂಗಳವಾರ

ಸಂಜೆ ಚಿಕ್ಕವನು ಅದರ ಬಟ್ಟಲಿನ ಹತ್ತಿರ ಹೋದ. ನಾಯಿ ತಿನ್ನುವುದನ್ನು ನಿಲ್ಲಿಸಿತು. ಗುರ್ ಅಂದಿತು. ಎದೆಯಾಳದಿಂದ ಬಂದ ಸದ್ದು, ಮೋಟರು ಎಳೆಯುವ ಹಾಗೆ.

ಎರಡು ಹೆಜ್ಜೆಯಲ್ಲಿ ಅಲ್ಲಿದ್ದೆ. ಬಟ್ಟಲು ಕಿತ್ತುಕೊಂಡು ಗದರಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ನಾಯಿ ನೆಲಕ್ಕೆ ಅಂಟಿಕೊಂಡಿತು. ಚಿಕ್ಕವನು ಅತ್ತ. ದೊಡ್ಡವಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು.

ಮೇಡಂಗೆ ಫೋನ್ ಮಾಡಲಿಲ್ಲ. ಇಷ್ಟಕ್ಕೆಲ್ಲ ಯಾಕೆ. ಹಾಳೆಯಲ್ಲಿ ಬರೆದೆ: ಗುರುಗುಟ್ಟಿತು — ಒಮ್ಮೆ. ತಿದ್ದಲಾಗಿದೆ.

ಮಾರ್ಚ್ 12, ಬುಧವಾರ

ಅದು ತಿನ್ನುವಾಗ ಬಟ್ಟಲಿಗೆ ಕೈ ಹಾಕಿದೆ. ಗುರ್. ಗದರಿದೆ, ಬಟ್ಟಲು ತೆಗೆದೆ. ಐದು ನಿಮಿಷ ಬಿಟ್ಟು ಮತ್ತೆ ಕೊಟ್ಟೆ, ಮತ್ತೆ ಕೈ ಹಾಕಿದೆ. ಸಣ್ಣ ಗುರ್. ಮತ್ತೆ ತೆಗೆದೆ. ನಾಲ್ಕನೇ ಸಲಕ್ಕೆ ಸುಮ್ಮನಿತ್ತು.

ತೂಕ ಏರಿಸುತ್ತ ಹೋಗುವುದು. ಬೇರೆ ವಿಧಾನ ನನಗೆ ಗೊತ್ತಿಲ್ಲ.

"ಅದೇನು ಲಿಫ್ಟೇನ್ರೀ?" ಎಂದಳು ಇವಳು.

ಮಾರ್ಚ್ 15, ಶನಿವಾರ

ಮೂರು ದಿನದಿಂದ ಒಂದೂ ಸದ್ದಿಲ್ಲ. ಬಟ್ಟಲಿಗೆ ಕೈ ಹಾಕಿದೆ, ಬಾಲ ಎಳೆದೆ, ಮಲಗಿದ್ದಾಗ ಪಕ್ಕದಲ್ಲಿ ಪಾತ್ರೆ ಬೀಳಿಸಿದೆ. ಕಲ್ಲಿನ ಹಾಗೆ ಇತ್ತು. ವಾರದ ಹಾಳೆಗಳನ್ನು ಆಶ್ರಯಕ್ಕೆ ಕಳಿಸುವ ಮೊದಲು ಕೊನೆಗೊಂದು ಷರಾ ಬರೆದೆ: ಸದ್ದು ನಿಂತಿದೆ. ತೊಂದರೆ ಇಲ್ಲ.

ಇವಳು ಕನ್ನಡಕದ ಅಂಗಡಿಯಿಂದ ಬಂದು ಸೋಫಾದಲ್ಲಿ ಕೂತಳು. ದಿನವಿಡೀ ಜನರ ಕಣ್ಣಿಗೆ ಗಾಜು ಹಿಡಿದು, ಇದು ಚೆನ್ನಾಗಿ ಕಾಣತ್ತಾ, ಇದಾ, ಎಂದು ಕೇಳುವ ಕೆಲಸ. ಒಂದೂವರೆ ಅವಳ ಪಾದದ ಮೇಲೆ ಗಲ್ಲ ಇಟ್ಟಿತು. ಅವಳಿಗೆ ಕಣ್ಣಲ್ಲಿ ನೀರು ಬಂತು. ಯಾಕೆಂದು ಕೇಳಲಿಲ್ಲ. ಕೇಳಬೇಕಿತ್ತೇನೋ.

ಮಾರ್ಚ್ 22, ಶನಿವಾರ

ಎರಡು ವಾರ. ಬೆಳಗ್ಗೆ 5.40ಕ್ಕೆ ಅದು ಬಾಗಿಲ ಬಳಿ ಸಿದ್ಧ. ಐದೂ ಮೂವತ್ತೊಂಬತ್ತಕ್ಕಲ್ಲ, ನಲವತ್ತೊಂದಕ್ಕಲ್ಲ. ನನ್ನಂಥವನೇ ಇನ್ನೊಬ್ಬ ಮನೆಯಲ್ಲಿದ್ದ ಹಾಗೆ. ನಾವು ಹಿಡಿಯುವ ದಾರಿಯಲ್ಲಿ ಬೇಕರಿಯವನು ಶಟರ್ ಎತ್ತುವ ಹೊತ್ತು. ಆ ಸದ್ದಿಗೆ ಅದರ ಅರ್ಧ ಕಿವಿಯೂ ನಿಲ್ಲುತ್ತದೆ. ಆ ಒಂದು ಕ್ಷಣ ಅದು ಎರಡು.

ಯಾರಿಗಾದರೂ ಹೇಳಬೇಕೆನ್ನಿಸಿತು. ಮೆಕ್ಯಾನಿಕ್‌ಗೆ ಹೇಳಿದೆ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಬರುವವನು. "ಸಾರ್, ನೀವು ಇಷ್ಟು ಉದ್ದ ಮಾತಾಡಿದ್ದು ನಾನು ನೋಡೇ ಇಲ್ಲ. ನಾಯಿಗೆ ನಂದೊಂದು ನಮಸ್ಕಾರ ಹೇಳಿ," ಎಂದ.

ತಿಂಡಿಯ ಹೊತ್ತಿಗೆ ಚಿಕ್ಕವನು ಏನೋ ಶುರು ಮಾಡಿದ. "ವರೆಗೆ ಹಲ್ಲಿದೆ ಅಪ್ಪ."

"ಎಲ್ಲರಿಗೂ ಇದೆ."

"ತುಂಬಾ ಇದೆ. ಅಕ್ಕಂಗೆ ಗೊತ್ತು."

ದೊಡ್ಡವಳು ಅವನನ್ನೇ ನೋಡುತ್ತಿದ್ದಳು. ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು ಮಾತು ಬೇಡ, ಶ್, ಅಂದೆ. ಇಬ್ಬರೂ ಸುಮ್ಮನಾದರು.

ಸೆಕೆ ಶುರುವಾಗಿದೆ. ಆದರೂ ದೊಡ್ಡವಳು ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಾಳೆ. ಫ್ಯಾನ್ ಗಾಳಿ ಜಾಸ್ತಿಯಂತೆ.

ಮಾರ್ಚ್ 28, ಶುಕ್ರವಾರ

ಆರು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇಲ್ಲ ಎಂದುಕೊಂಡಿದ್ದೆ.

ದೊಡ್ಡವಳು ಶಾಲೆಯಲ್ಲಿ ಚಿತ್ರ ಬಿಡಿಸಿ ತೋಳಿಗೆಲ್ಲ ಬಣ್ಣ ಮಾಡಿಕೊಂಡು ಬಂದಳು. ಇವಳು ತೊಳೆಯಲು ತೋಳು ಮಡಚಿದಳು. ಮೊಣಕೈ ಕೆಳಗೆ ನಾಲ್ಕು ಗುರುತು. ಮೇಲೆ ಎರಡು, ಕೆಳಗೆ ಎರಡು. ಹಕ್ಕಳೆ ಕಟ್ಟಿದೆ. ಸುತ್ತ ಹಳದಿ.

ಎಂಟು ದಿನದ್ದು. ಕಳೆದ ಗುರುವಾರ, ನಾವಿಬ್ಬರೂ ಕೆಲಸದಿಂದ ಬರುವ ಮೊದಲು. ಶಾಲೆಯಿಂದ ಕರೆತರುವ ಪಕ್ಕದ ಮನೆಯವರು ಅಡುಗೆಮನೆಯಲ್ಲಿದ್ದರು. ನಾಯಿ ಮೇಜಿನ ಕೆಳಗೆ ಮಲಗಿತ್ತು. ಮಗಳು ಹೋಗಿ ತಬ್ಬಿಕೊಂಡಳು. ಅಷ್ಟೇ.

"ಗುರ್ ಅಂತಾ?" ಕೇಳಿದೆ.

"ಇಲ್ಲ ಅಪ್ಪ. ಸದ್ದೇ ಮಾಡಲಿಲ್ಲ."

ಅವಳೂ ಮಾಡಲಿಲ್ಲ. ಬಾತ್‌ರೂಮಿಗೆ ಹೋಗಿ ತೊಳೆದುಕೊಂಡು ಅಂಗಿ ಬದಲಿಸಿದಳು. ಯಾರಿಗೂ ಹೇಳಬೇಡ ಎಂದು ತಮ್ಮನಿಗೆ ಹೇಳಿದಳು.

ಡಾಕ್ಟರು ನಮ್ಮ ಮುಖ ನೋಡಲಿಲ್ಲ. "ಎಂಟು ದಿನ," ಎಂದರು, ಎರಡು ಸಲ. ನಾಯಿಗೆ ಚುಚ್ಚುಮದ್ದು ಆಗಿದ್ದರೂ ಮಗಳಿಗೂ ಶುರು ಮಾಡಲೇಬೇಕು. ಸೂಜಿ ಚುಚ್ಚುವಾಗಲೂ ಅಳಲಿಲ್ಲ. ಅದನ್ನು ನೋಡಿ ನನಗೆ ಭಯವಾಯಿತು.

ದಾರಿಯಲ್ಲಿ ಕೇಳಿದೆ. "ಯಾಕೆ ಹೇಳಲಿಲ್ಲ?"

"ಬೈತೀಯ ಅಂತ."

"ನಾಯಿಗಾ?"

"ನನಗೆ."

ಇವಳು ಹಿಂದಿನ ಸೀಟಿನಲ್ಲಿ ಮಗಳನ್ನು ಒತ್ತಿಕೊಂಡು ಕೂತಿದ್ದಳು. ಮನೆಯ ಹತ್ತಿರ ಬಂದ ಮೇಲೆ ಹೇಳಿದಳು. "ಇಡೀ ದಿನ ಊರವರಿಗೆಲ್ಲ ಕಾಣತ್ತಾ, ಕಾಣತ್ತಾ ಅಂತ ಕೇಳ್ತೀನಿ. ಎಂಟು ದಿನ ನನಗೇ ಕಾಣಲಿಲ್ಲ."

ಮಾರ್ಚ್ 29, ಶನಿವಾರ. ಮಧ್ಯಾಹ್ನ

ಬೂಟು ಮೇಡಂ ಬಂದಳು. ಬೂಟು ಹೊರಗೆ ಬಿಟ್ಟು ಒಳಗೆ ಬಂದಾಗ ಗುಬ್ಬಿಯಷ್ಟು ಸಣ್ಣಗೆ ಕಂಡಳು. ಮಗಳ ತೋಳು ನೋಡಿದಳು. ಜೊತೆಗೆ ತಂದಿದ್ದ ನನ್ನ ಹಾಳೆಗಳನ್ನು ಒಂದೊಂದಾಗಿ ಓದಿದಳು. ಹನ್ನೊಂದನೇ ತಾರೀಖಿನದನ್ನು ಮೇಜಿನ ಮೇಲೆ ಬೇರೆ ಇಟ್ಟಳು.

"ತಿದ್ದಲಾಗಿದೆ ಅಂದ್ರೆ ಏನ್ ಮಾಡಿದ್ರಿ?"

ಹೇಳಿದೆ.

"ಹಾಳೆ ನಮ್ಮ ಕೈಗೆ ಬಂದು ಹತ್ತು ದಿನ ಆಗಿದೆ. ನಾನೂ ಓದಬೇಕಿತ್ತು, ಓದಿಲ್ಲ. ಅದು ನನ್ನ ತಪ್ಪು." ಉಳಿದ ಹಾಳೆಗಳನ್ನು ಜೋಡಿಸಿಟ್ಟು, "ಸಾರ್, ಗುರ್ ಅನ್ನೋದು ಅದರ ಮಾತು. ದೂರ ಇರು, ನನಗೆ ಭಯ ಆಗ್ತಿದೆ ಅಂತ. ನೀವು ಆ ಮಾತು ಕಿತ್ತುಹಾಕಿದ್ರಿ. ಭಯ ಹಾಗೇ ಇದೆ. ಮಾತಿಲ್ಲದ ಮೇಲೆ ಉಳಿದಿದ್ದು ಹಲ್ಲು."

ಆಮೇಲೆ ನನ್ನನ್ನು ನಾಯಿಯ ಎದುರು ಕೂರಿಸಿ ಬಟ್ಟಲಿಗೆ ಕೈ ಚಾಚಲು ಹೇಳಿದಳು, ನಿಧಾನವಾಗಿ. "ಈಗ ನೋಡಿ. ಬಾಯಿ ಮುಚ್ಚಿತು. ಉಸಿರು ಹಿಡಿದಿದೆ. ತಲೆ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಕಣ್ಣಂಚಲ್ಲಿ ಬಿಳಿ ಕಾಣ್ತಾ? ಕೈ ತೆಗೀರಿ."

ತೆಗೆದೆ. ಉಸಿರು ಬಿಟ್ಟಿತು.

"ಇದಕ್ಕೇ ನೀವು ತೊಂದರೆ ಇಲ್ಲ ಅಂತ ಬರೆದಿದ್ದೀರಿ."

ಡೈರಿಯಲ್ಲಿ ಕಲ್ಲಿನ ಹಾಗೆ ಎಂದೂ ಬರೆದಿದ್ದೆ. ಅವಳು ಹೋದ ಮೇಲೆ ಈ ಡೈರಿಯನ್ನು ಹಿಂದಕ್ಕೆ ತಿರುವಿದೆ. ಮಾರ್ಚ್ ಮೂರು, ಸೆಕ್ರೆಟರಿ ಹೇಳಿದ್ದು. ಮಾರ್ಚ್ ಹದಿನೈದು, ನಾನು ಬರೆದದ್ದು. ಎರಡು ಪುಟಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಅದೇ ಮಾತು. ನನ್ನದರಲ್ಲಿ "ಸಾರ್" ಇಲ್ಲ, ಅಷ್ಟೇ.

ಇಪ್ಪತ್ತೆರಡು ವರ್ಷದಿಂದ ಇಂಥ ವೈರುಗಳನ್ನು ಹುಡುಕಿ ಬೀಗ ಹಾಕಿಸಿದವನು.

ಸಂಜೆ 7.00

ಇವಳು ಇವತ್ತೇ ವಾಪಸು ಕೊಡಬೇಕಿತ್ತು ಎನ್ನುತ್ತಾಳೆ. ನಾನು ಬೇಡವೆಂದೆ. ಏಪ್ರಿಲ್ ಹತ್ತೊಂಬತ್ತರವರೆಗೆ ಗೇಟು ಹಾಕೋಣ, ಮಕ್ಕಳು ಆಚೆ, ನಾಯಿ ಈಚೆ. ತಪ್ಪು ಅದರದ್ದಲ್ಲ. ಮೇಡಂ ಕೂಡ ಅಸಾಧ್ಯವೆನ್ನಲಿಲ್ಲ — ಯಾರೂ ಗದರದಿದ್ದರೆ, ಅದು ಕೇಳಿದಷ್ಟು ದೂರ ಬಿಟ್ಟರೆ, ಸದ್ದು ಮತ್ತೆ ಬರಬಹುದು. ಬಂದ ಮೇಲೆ ನೋಡಬಹುದು ಎಂದಿದ್ದಳು.

"ಮೂರು ವಾರದ ಕೆಳಗೆ ಬೇಕು ಅಂತಾನೂ ಅನ್ನಲಿಲ್ಲ, ಬೇಡ ಅಂತಾನೂ ಅನ್ನಲಿಲ್ಲ. ಈಗ ನೋಡಿ, ಕಣ್ಣು ಒದ್ದೆ."

"ಇಲ್ಲ."

"ಇದೆ. ನನಗೆ ಅಷ್ಟಾದ್ರೂ ಕಾಣತ್ತೆ." ಆಮೇಲೆ, ಪಾತ್ರೆ ಒರೆಸುತ್ತ, ನನ್ನ ಕಡೆ ತಿರುಗದೆ, "ಈ ಮನೇಲಿ ಯಾರೂ ಗುರ್ ಅನ್ನಲ್ಲ ಕಣ್ರೀ. ನಾಯಿ ಒಂದೇ ಅಲ್ಲ."

ಏಪ್ರಿಲ್ 1, ಮಂಗಳವಾರ

ಹನ್ನೊಂದು ಮಹಡಿಯ ಕಟ್ಟಡ, ಮರುಪರಿಶೀಲನೆ. ವೈರು ಜೋಡಿಸಿದ್ದಾರೆ. ತೂಕ ಇಟ್ಟೆವು. ಮೂವತ್ತನೇ ತುಂಡಿಗೆ ಬಜರ್ ಹೊಡೆಯಿತು. ಕರ್ಕಶ. ಮೆಕ್ಯಾನಿಕ್ ಕಿವಿ ಮುಚ್ಚಿಕೊಂಡ. ನಾನು ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳುತ್ತ ನಿಂತಿದ್ದೆನಂತೆ.

"ಸಾರ್, ಸಾಕು. ಹಾಡು ಚೆನ್ನಾಗಿದೆ, ಆದ್ರೆ ಸಾಕು."

ಏಪ್ರಿಲ್ 6, ಭಾನುವಾರ

ಹೋದ ಭಾನುವಾರವೇ ಬಡಗಿಯನ್ನು ಕರೆಸಿ ಹಜಾರಕ್ಕೆ ಅಡ್ಡಲಾಗಿ ಸೊಂಟದೆತ್ತರದ ಮರದ ಗೇಟು ಹಾಕಿಸಿದೆ. ಈಚೆ ಅದರ ಕಂಬಳಿ, ಬಟ್ಟಲು, ನನ್ನ ಬರೆಯುವ ಮೇಜು. ಆಚೆ ಉಳಿದ ಮನೆ. ಬಾತ್‌ರೂಮಿಗೆ ಹೋಗುವ ದಾರಿ ಮಾತ್ರ ಗೇಟಿನ ಪಕ್ಕದಲ್ಲೇ. ಅದಕ್ಕೆ ಏನೂ ಮಾಡಲಾಗದು.

ಬಟ್ಟಲಿಟ್ಟು ಆರು ಹೆಜ್ಜೆ ಹಿಂದೆ ಬಂದು ಕೂರುತ್ತೇನೆ. ಕಾಯುತ್ತೇನೆ. ಅದರ ಬಾಯಿ ಮುಚ್ಚಿದರೆ ಇನ್ನೊಂದು ಹೆಜ್ಜೆ ಹಿಂದೆ.

ಮಾಡುವುದಕ್ಕೇನೂ ಇಲ್ಲದೆ ನೋಡುತ್ತ ಕೂರುವುದು ನನಗೆ ಹೊಸದು. ಚಿಕ್ಕವನು ಗೇಟಿನಾಚೆ ಕೂತು ಅದಕ್ಕೆ ಚಿತ್ರಪುಸ್ತಕ ತೋರಿಸುತ್ತಾನೆ. ಏಳೂವರೆ ದಾಟಿದರೂ ಶ್ ಅಂದಿಲ್ಲ. ರಿಪೋರ್ಟಿನಲ್ಲಿ ಎರಡು ತಪ್ಪಾದವು.

ದೊಡ್ಡವಳು ನೀರು ಸರಿಯಾಗಿ ಕುಡಿಯುತ್ತಿಲ್ಲ ಎಂದಳು ಇವಳು. ಸೆಕೆಗೆ ಹಾಗಾಗುತ್ತದೆಂದೆ.

ಏಪ್ರಿಲ್ 13, ಭಾನುವಾರ. ಬೆಳಗ್ಗೆ 8.15

ಬಂತು.

ಬಟ್ಟಲಿಟ್ಟೆ. ಮೂರು ಹೆಜ್ಜೆ ದೂರದಲ್ಲಿದ್ದೆ. ಚಮಚ ಬಿತ್ತು, ಎತ್ತಲು ಬಗ್ಗಿದೆ. ಎದೆಯೊಳಗಿಂದ, ಮರೆತ ಭಾಷೆಯನ್ನು ತಡವರಿಸುವ ಹಾಗೆ — ಗುರ್. ನಿಂತಿತು. ನನ್ನ ಮುಖ ನೋಡಿತು. ಏಟಿಗೆ ಕಾಯುವ ಹಾಗೆ ಕಿವಿ ಎರಡೂ ಹಿಂದಕ್ಕೆ.

"ಸರಿಯಪ್ಪ," ಎಂದೆ. ಚಮಚ ಅಲ್ಲೇ ಬಿಟ್ಟು ಹಿಂದೆ ಸರಿದೆ.

ಸ್ವಲ್ಪ ಹೊತ್ತು ಯೋಚಿಸಿತು. ಮತ್ತೆ ತಿನ್ನತೊಡಗಿತು.

ಹಾಳೆಯಲ್ಲಿ "ಗುರುಗುಟ್ಟಿತೆ" ಎಂಬಲ್ಲಿ "ಹೌದು" ಎಂದು ಗುರುತು ಹಾಕಿದೆ. ಮೇಡಂಗೆ ಫೋನ್ ಮಾಡಿದೆ. ಅವಳು "ಬೇಗ ಬಂತು," ಎಂದಳು. ನಕ್ಕಳೆಂದು ಕಾಣುತ್ತದೆ.

ಏಪ್ರಿಲ್ 17, ಗುರುವಾರ

ದಿನಕ್ಕೊಂದೆರಡು ಸಲ ಗುರ್ ಎನ್ನುತ್ತದೆ. ನಾವು ಹಿಂದೆ ಸರಿಯುತ್ತೇವೆ. ಚಿಕ್ಕವನಿಗೂ ಗೊತ್ತಾಗಿದೆ — "ವರೆ ಬೇಡ ಅಂತು" ಎಂದು ವರದಿ ಒಪ್ಪಿಸುತ್ತಾನೆ. ಇವಳು ಕೂಡ ನಿನ್ನೆ ಗೇಟಿನ ಮೇಲಿಂದ ಕೈ ಬಿಟ್ಟು ತಲೆ ಸವರಿದಳು. ನನ್ನ ಲೆಕ್ಕದಲ್ಲಿ ಎಲ್ಲ ಸರಿ.

ಊಟಕ್ಕೆ ಕೂತಾಗ ಹೇಳಿದೆ. ಶನಿವಾರ ಸಹಿ ಹಾಕುತ್ತೇನೆ. ಒಂದೂವರೆ ಇಲ್ಲೇ ಇರುತ್ತದೆ.

ಚಿಕ್ಕವನು ಚಮಚದಿಂದ ತಟ್ಟೆ ಬಡಿದ. ಬಡಿಯಲಿ ಎಂದು ಬಿಟ್ಟೆ. ಇವಳು ಮಗಳ ಕಡೆ ನೋಡಿ, "ನಿನಗೆ?" ಎಂದಳು.

"ಹೂಂ."

ಮುಖ ತಟ್ಟೆಯ ಕಡೆ. ಕಣ್ಣು ಗೇಟಿನ ಕಡೆ. ಬಾಯಿ ಮುಚ್ಚಿತ್ತು. ಎದೆ ಏರಿಳಿಯುತ್ತಿರಲಿಲ್ಲ.

ಕಂಡಿತು. ಕಾಣದಿದ್ದರೆ ಚೆನ್ನಾಗಿತ್ತು ಎಂದು, ಒಂದು ಕ್ಷಣ, ನಿಜವಾಗಿ ಅನ್ನಿಸಿತು. ಇದನ್ನು ಇಲ್ಲಿ ಬರೆದಿಡಬೇಕು.

ಏಪ್ರಿಲ್ 18, ಶುಕ್ರವಾರ. ಬೆಳಗ್ಗೆ

ಶಾಲೆಗೆ ರಜೆ. ಹೊರಗಿನ ಮೆಟ್ಟಿಲ ಮೇಲೆ ಅವಳು ಶೂ ಲೇಸು ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತೆ. ಒಂದೂವರೆ ಇರಲಿ ಅಂತ ನಿನಗೆ ಅನ್ನಿಸತ್ತಾ ಎಂದು ಕೇಳಿದೆ. ಹೂಂ ಎಂದಳು. ಉತ್ತರ ಬಂತೆಂದು ಎದ್ದುಬಿಡಬಹುದಿತ್ತು. ಏಳಲಿಲ್ಲ. ಬಟ್ಟಲಿಟ್ಟು ಕೂರುವ ಹಾಗೆ, ಸ್ವಲ್ಪ ಸರಿದು ಕೂತೆ. ಬೀದಿಯಲ್ಲಿ ಪೇಪರಿನವನು ಹೋದ. ಎದುರು ಮನೆಯವರು ಕಾರು ತೊಳೆಯಲು ಶುರುಮಾಡಿ ಮುಗಿಸಿದರು. ಅವಳು ಒಂದೇ ಲೇಸನ್ನು ಮೂರು ಸಲ ಕಟ್ಟಿದಳು.

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ."

"ಬೂಟು ಮೇಡಂ ಹೇಳಿದ್ದು ನನಗೆ ಕೇಳಿಸಿತ್ತು. ಅವತ್ತು. ವಾಪಸು ಹೋದ್ರೆ ಯಾರೂ ಕರ್ಕೊಂಡು ಹೋಗಲ್ಲ ಅಂತ."

ಆರು ವಾರ ಇದನ್ನು ಮಗಳು ಒಬ್ಬಳೇ ಹೊತ್ತಿದ್ದಳು.

"ಅದನ್ನ ನಾನು ನೋಡ್ಕೋತೀನಿ," ಎಂದೆ. "ನಿನ್ನದು ಹೇಳು."

"ನನಗೆ ಅದು ಇಷ್ಟ. ಆದ್ರೆ ಬಾತ್‌ರೂಮಿಗೆ ಹೋಗಕ್ಕೆ ಭಯ. ಗೇಟಿನ ಹತ್ರ ಹೋಗಬೇಕಲ್ಲ. ಬೆಳಗ್ಗೆ ಶಾಲೆವರೆಗೂ ತಡ್ಕೋತೀನಿ. ಅದಕ್ಕೇ ನೀರು ಕುಡಿಯಲ್ಲ." ಆಮೇಲೆ, ಶೂ ನೋಡುತ್ತಲೇ, ದನಿ ಸ್ವಲ್ಪ ಗಟ್ಟಿಯಾಗಿ, "ಬೇಡ ಅಪ್ಪ. ನಮ್ಮನೇಲಿ ಬೇಡ."

ಗದರಿದಂತೆಯೇ ಇತ್ತು. ಅವಳ ಬಾಯಲ್ಲಿ ಅದನ್ನು ಕೇಳಿದ್ದೇ ಮೊದಲು.

"ಸರಿ," ಎಂದೆ.

"ಅಳ್ತೀಯಾ?"

"ಗೊತ್ತಿಲ್ಲ."

"ಅತ್ರೆ ನನಗೆ ಹೇಳು," ಎಂದಳು. ಒಳಗೆ ಹೋಗಿ ಎರಡು ಲೋಟ ನೀರು ಕುಡಿದ ಸದ್ದು ಕೇಳಿಸಿತು.

ಸಂಜೆ

ಇವಳಿಗೆ ಹೇಳಿದೆ. ನಾನು ಮೊದಲೇ ಹೇಳಿರಲಿಲ್ಲವಾ ಎನ್ನಲಿಲ್ಲ. ಕಂಬಳಿ ಒಗೆದು ಒಣಗಿಹಾಕಿದಳು. ಜೊತೆಗೆ ಕಳಿಸಲು. ಚಿಕ್ಕವನು ಅತ್ತ, ಜೋರಾಗಿ, ಬಹಳ ಹೊತ್ತು. ಯಾರೂ ಶ್ ಅನ್ನಲಿಲ್ಲ. ಅಕ್ಕ ಅವನ ಪಕ್ಕ ಕೂತು ಬೆನ್ನು ನೀವುತ್ತಿದ್ದಳು.

ಮೇಡಂಗೆ ಫೋನ್ ಮಾಡಿದೆ. ಮೂರನೇ ಸಲ, ಗೊತ್ತು ಎಂದೆ.

"ಸರಿ. ಮಗುವನ್ನ ಕೇಳಿದ್ದು ಒಳ್ಳೇದಾಯ್ತು," ಎಂದಳು. "ಕಾರಣ ಬರೀತೀರಾ? ನಿಜವಾಗಿ? ನೀವು ನಿಜ ಬರೆದ್ರೆ ಮಕ್ಕಳಿಲ್ಲದ ಮನೆ ಹುಡುಕಕ್ಕೆ ನಾನು ಹೋರಾಡಬಹುದು. ನೀವೂ ವೈಯಕ್ತಿಕ ಅಂದ್ರೆ ಮೂರು ವೈಯಕ್ತಿಕ ಆಗತ್ತೆ. ಆಮೇಲೆ ನನ್ನ ಮಾತು ಯಾರೂ ಕೇಳಲ್ಲ."

ಏಪ್ರಿಲ್ 19, ಶನಿವಾರ. ಬೆಳಗ್ಗೆ 10.20

ಕಾರಿನಲ್ಲಿ. ಆಶ್ರಯದ ಬಾಗಿಲೆದುರು.

ಬೆಳಗ್ಗೆ 5.40ಕ್ಕೆ ಎದ್ದು ಎರಡು ಬೀದಿ ಸುತ್ತಿದೆವು. ಶಟರಿನ ಸದ್ದಿಗೆ ಅದು ಎರಡಾಯಿತು, ಮತ್ತೆ ಒಂದೂವರೆ. ದೊಡ್ಡವಳು ಗೇಟಿನವರೆಗೆ ಬಂದು, ಎರಡು ಹೆಜ್ಜೆ ದೂರ ನಿಂತು, ಟಾಟಾ ಮಾಡಿದಳು. ಅದು ಬಾಲ ಆಡಿಸಿತು.

"ವಾಪಸಿಗೆ ಕಾರಣ" ಕಾಲಂನಲ್ಲಿ ಎರಡು ಸಾಲಿನಷ್ಟು ಜಾಗ. ಸಾಲಲಿಲ್ಲ. ಹಾಳೆಯ ಹಿಂಬದಿ ತುಂಬ ಬರೆದೆ, ಸ್ಟೀರಿಂಗಿನ ಮೇಲಿಟ್ಟು, ಲಾಗ್‌ಬುಕ್ಕಿಗೆ ಬರೆಯುವ ಹಾಗೆ. ತಾರೀಖು ಹಾಕಿ. ಮಾರ್ಚ್ 11: ತಿನ್ನುವಾಗ ಹತ್ತಿರ ಬಂದ ಮಗುವಿಗೆ ಗುರುಗುಟ್ಟಿ ಎಚ್ಚರಿಸಿತು. ನಾನು ಗದರಿ ಆ ಸದ್ದು ನಿಲ್ಲಿಸಿದೆ. ಮಾರ್ಚ್ 20: ಮಲಗಿದ್ದಾಗ ತಬ್ಬಿದ ನನ್ನ ಮಗಳನ್ನು, ಸದ್ದಿಲ್ಲದೆ, ಕಚ್ಚಿತು. ಏಪ್ರಿಲ್ 13: ಸದ್ದು ಮರಳಿ ಬಂದಿದೆ. ಚಿಕ್ಕ ಮಕ್ಕಳಿರುವ ಮನೆಗೆ ಕೊಡಬೇಡಿ. ಉಳಿದ ಯಾವ ಮನೆಗಾದರೂ ಕೊಡಿ. ಗುರ್ ಅಂದರೆ ಹಿಂದೆ ಸರಿಯಿರಿ, ಸಾಕು. ಬೆಳಗ್ಗೆ 5.40ಕ್ಕೆ ಏಳುತ್ತದೆ. ದೋಷ ನನ್ನದು.

ಸಹಿ. ಹೆಸರು ಬಿಡಿಸಿ ಬರೆದೆ. ಓದಲು ಬರುವ ಹಾಗೆ.

ಹಿಂದಿನ ಬಾಗಿಲು ತೆರೆದು ಕೊರಳಪಟ್ಟಿಗೆ ಕೈ ಚಾಚಿದೆ. ಗುರ್ ಅಂದಿತು. ಸ್ಪಷ್ಟವಾಗಿ. ನನ್ನ ಮುಖ ನೋಡುತ್ತಲೇ, ಈ ಸಲ ಕಿವಿ ಹಿಂದಕ್ಕೆ ಹೋಗಲಿಲ್ಲ. ಕೈ ತೆಗೆದೆ. ಬಾಗಿಲು ತೆರೆದೇ ಬಿಟ್ಟು ಮುಂದೆ ಬಂದು ಕೂತಿದ್ದೇನೆ.

ಬೂಟು ಮೇಡಂ ದೂರದಲ್ಲಿ ನಿಂತಿದ್ದಾಳೆ. ಅವಸರವಿಲ್ಲ ಎಂದು ಕೈಸನ್ನೆ ಮಾಡಿದಳು. ಅದಾಗಿಯೇ ಇಳಿಯಲಿ. ಅಲ್ಲಿಯವರೆಗೆ ನಾನು ಇಲ್ಲೇ ಕೂತಿರುತ್ತೇನೆ.